ಗಿಳಿ ಮತ್ತು ಅಳಿಲು: ಪೈರಿನ ಹಾನಿಯಲ್ಲಿ ಯಾರ ಪಾಲು ಎಷ್ಟು?

ಸುಗ್ಗಿಯು ಸಮೀಪಿಸಿದಾಗ ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿ ತಾಲೂಕುಗಳಲ್ಲಿ ಸಂಚಾರಕ್ಕೆ ಹೋದ ನಮ್ಮ ಇಲಾಖೆಯವರಿಗೆ ಊರ ಗೌಡರೂ ಭೂಮಾಲೀಕರೂ ತಪ್ಪದೆ ಹೇಳುವ ದೂರೊಂದು ಇದೆ. "ಸಾಹೇಬ್ರ, ಕಾಳು ಕಟ್ಟಿದ ಮ್ಯಾಲ ತೆನಿ ಬರಿದಾಗ್ಯಾವ್ರಿ, ಅಳಿಲಿಗೆ ಏನರೆ ಔಷಧ ಇದ್ದರ ಹೇಳ್ರಿ" ಎಂದು ಒಬ್ಬರೆಂದರೆ, ಪಕ್ಕದ ಹೊಲದವರು ಅದನ್ನೇ ಗಿಳಿಯ ಮೇಲೆ ಹೊರಿಸುವರು. ಒಂದೇ ಬದುವಿನ ಈಚೆ ಆಚೆ ಇರುವ ಎರಡು ಹೊಲಗಳಲ್ಲಿ ಒಂದೇ ಬಗೆಯ ಹಾನಿಗೆ ಎರಡು ಬೇರೆ ಬೇರೆ ಪ್ರಾಣಿಗಳು ಹೊಣೆಯಾಗುವದು ಹೇಗೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವದಿಲ್ಲ. ಈ ಎರಡು ಜೀವಿಗಳ ಶರೀರ, ಆಹಾರ, ನಡತೆಗಳನ್ನು ಹೋಲಿಸಿ ನೋಡಿ, ಅವು ಮಾಡುವ ಹಾನಿಯನ್ನು ಗುರುತಿಸುವ ರೀತಿಯನ್ನು ತಿಳಿಸುವದೇ ಈ ಲೇಖನದ ಉದ್ದೇಶವಾಗಿದೆ. ಕಳ್ಳನನ್ನು ಗುರುತಿಸದೆ ಹೂಡಿದ ಉಪಾಯವು ಹಣದ ವ್ಯಯಕ್ಕೂ, ಕೆಲವೊಮ್ಮೆ ಇನ್ನೂ ಹೆಚ್ಚಿನ ಕೇಡಿಗೂ ಕಾರಣವಾಗುವದೆಂಬುದನ್ನು ಈ ಲೇಖಕನು ತನ್ನ ತಪ್ಪಿನಿಂದಲೇ ಕಲಿತವನಾಗಿದ್ದಾನೆ. ಆ ಸಂಗತಿಯನ್ನು ಮುಂದೆ ಹೇಳಲಾಗುವದು.

ಮೊದಲು ಹೆಸರುಗಳ ವಿಚಾರ. ನಮ್ಮ ಸೀಮೆಯ ಹೊಲಗಳಿಗೆ ಬರುವ ಗಿಳಿಯು ಬಹುತೇಕ ಒಂದೇ ಜಾತಿಯದು. ಪ್ರಾಣಿಶಾಸ್ತ್ರಜ್ಞರು ಅದನ್ನು ಸಿಟ್ಟಾಕುಲ ಕ್ರಾಮೆರಿ ಎಂದು ಕರೆಯುವರು. ಮೈಯೆಲ್ಲ ಹುಲ್ಲುಹಸುರು, ಕೊಕ್ಕು ಕೆಂಪು, ಬಾಲವು ಶರೀರಕ್ಕಿಂತ ಉದ್ದ. ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಕಂಠಿಯುಂಟು. ಈ ಕಂಠಿಯು ಮರಿಗೆ ಹುಟ್ಟಿದೊಡನೆ ಇರುವದಿಲ್ಲ, ಸುಮಾರು ಮೂರನೆಯ ವರ್ಷದಲ್ಲಿ ಮೂಡುವದು; ಹೆಣ್ಣಿಗೆ ಎಂದಿಗೂ ಮೂಡುವದಿಲ್ಲ. ಆದುದರಿಂದ "ಕಂಠಿಯಿಲ್ಲದ್ದು ಬೇರೆ ಜಾತಿಯ ಗಿಳಿ" ಎಂಬ ತಿಳುವಳಿಕೆಯು ಸರಿಯಲ್ಲ. ಚಿಂಚೋಳಿಯ ಗುಡ್ಡಗಾಡಿನ ಕಡೆ ಇದಕ್ಕಿಂತ ಚಿಕ್ಕದಾದ, ಗಂಡಿನ ತಲೆಯು ಕೆನ್ನೇರಿಳೆ ಬಣ್ಣದ್ದಾದ ಇನ್ನೊಂದು ಗಿಳಿಯೂ ಕಣ್ಣಿಗೆ ಬೀಳಬಹುದು. ಅದರ ಕೂಗು ಮೆಲುವಾದುದು. ಹೊಲದ ಮಟ್ಟಿಗೆ ಕಂಠಿಯ ಗಿಳಿಯ ಲೆಕ್ಕವೇ ಮುಖ್ಯವಾದುದು.

ಅಳಿಲಿಗೆ ನಮ್ಮ ನಾಡಿನಲ್ಲಿ ಇಣಚಿ ಎಂಬ ಹೆಸರೂ ಉಂಟು. ಇದರಲ್ಲಿ ಎರಡು ಜಾತಿಗಳು ಪರಿಚಿತವಾಗಿವೆ. ಬೆನ್ನ ಮೇಲೆ ಮೂರು ಬಿಳಿಯ ಗೆರೆಗಳುಳ್ಳ ಫುನಾಂಬ್ಯುಲಸ್ ಪಾಮಾರಮ್ ಎಂಬುದು ದಕ್ಷಿಣ ದೇಶದ್ದು. ಆ ಮೂರರ ಎರಡೂ ಮಗ್ಗುಲಿಗೆ ಒಂದೊಂದು ಮಸುಕಾದ ಗೆರೆ ಹೆಚ್ಚಾಗಿರುವ ಫುನಾಂಬ್ಯುಲಸ್ ಪೆನ್ನಾಂಟಿ ಎಂಬ ಐದು ಗೆರೆಯದು ಉತ್ತರದ ಒಣ ಪ್ರದೇಶಗಳದು. ದಖ್ಖನದ ಪೀಠಭೂಮಿಯಲ್ಲಿ ಈ ಎರಡರ ಸೀಮೆಗಳು ಒಂದನ್ನೊಂದು ಕೂಡುತ್ತವೆ. ಶ್ರೀರಾಮನು ಬೆರಳಿನಿಂದ ಬೆನ್ನು ಸವರಿದನೆಂಬ ಕಥೆಯು ಮೂರು ಗೆರೆಯದಕ್ಕೆ ಚೆನ್ನಾಗಿ ಒಪ್ಪುವದು; ಐದು ಗೆರೆಯದರ ಲೆಕ್ಕವನ್ನು ಪೌರಾಣಿಕರಿಗೇ ಬಿಡೋಣ. ಹಾನಿಯ ಲೆಕ್ಕದಲ್ಲಿ ಎರಡಕ್ಕೂ ಹೇಳುವಷ್ಟು ಭೇದವಿಲ್ಲ.

ಇನ್ನು ಹೋಲಿಕೆಯನ್ನು ನೋಡೋಣ. ಒಂದು ಗಿಳಿಯನ್ನೂ ಒಂದು ಅಳಿಲನ್ನೂ ತಕ್ಕಡಿಯಲ್ಲಿಟ್ಟರೆ ತೂಕವು ಹೆಚ್ಚು ಕಡಿಮೆ ಸಮನಾಗುವದೆಂದರೆ ಅನೇಕರಿಗೆ ಸೋಜಿಗವಾಗಬಹುದು. ಎರಡೂ ನೂರು ಗ್ರಾಂನ ಆಸುಪಾಸಿನವು. ಗಿಳಿಯು ತುಸು ಹೆಚ್ಚು ತೂಗುವದು. ಎರಡೂ ಹಗಲಿನಲ್ಲಿಯೇ ಸಂಚರಿಸುವವು. ಎರಡಕ್ಕೂ ಕಾಳು, ಹಣ್ಣು, ಹೂವಿನ ಮಕರಂದಗಳು ಇಷ್ಟ. ಎರಡೂ ತಿನ್ನುವ ಪದಾರ್ಥವನ್ನು ಕೈಯಲ್ಲಿ ಹಿಡಿದಂತೆ ಹಿಡಿದು ತಿರುಗಿಸಿ ತಿರುಗಿಸಿ ತಿನ್ನುವವು. ಗಿಳಿಯ ಪಾದದಲ್ಲಿ ಎರಡು ಬೆರಳು ಮುಂದಕ್ಕೂ ಎರಡು ಬೆರಳು ಹಿಂದಕ್ಕೂ ಇರುವದರಿಂದ ಅದು ಒಂದು ಕಾಲಿನ ಮೇಲೆ ನಿಂತು ಇನ್ನೊಂದರಿಂದ ತೆನೆಯ ತುಂಡನ್ನು ಬಾಯಿಗೆ ಒಯ್ಯಬಲ್ಲುದು. ಅಳಿಲು ಹಿಂಗಾಲುಗಳ ಮೇಲೆ ಕುಳಿತು ಮುಂಗಾಲುಗಳೆರಡರಿಂದಲೂ ಹಿಡಿಯುವದು. ಹೀಗೆ ಸ್ವಭಾವದಲ್ಲಿ ಇಷ್ಟು ಸಾಮ್ಯವಿರುವದರಿಂದಲೇ ಒಂದರ ಕೃತ್ಯವನ್ನು ಇನ್ನೊಂದರ ಮೇಲೆ ಹೊರಿಸುವದು ಸುಲಭವಾಗಿದೆ.

ಭೇದವಿರುವದು ಬಾಯಿಯಲ್ಲಿ. ಗಿಳಿಯ ಮೇಲ್ಕೊಕ್ಕು ತಲೆಬುರುಡೆಗೆ ಕೀಲಿನಂತೆ ಜೋಡಿಸಲ್ಪಟ್ಟಿದ್ದು ಸ್ವತಂತ್ರವಾಗಿ ಮೇಲಕ್ಕೂ ಕೆಳಕ್ಕೂ ಆಡುವದು. ಕೆಳಗಿನ ಕೊಕ್ಕು ಉಳಿಯಂತೆ ಚೂಪಾಗಿರುವದು. ಕಾಳನ್ನು ನಾಲಗೆಯಿಂದ ಹೊರಳಿಸಿ, ಈ ಇಕ್ಕಳದಲ್ಲಿ ಒಡೆದು, ಸಿಪ್ಪೆಯನ್ನು ಬೀಳಿಸಿ, ಬೀಜವನ್ನು ನುಂಗುವದು. ಅಗಿಯುವ ಕಾರ್ಯವು ಅದಕ್ಕಿಲ್ಲ. ಅಳಿಲಾದರೋ ಇಲಿಯ ಬಂಧು. ಮೇಲೆ ಎರಡು, ಕೆಳಗೆ ಎರಡು ಮುಂಬಲ್ಲುಗಳು ಅದರ ಜೀವಮಾನವೆಲ್ಲ ಬೆಳೆಯುತ್ತಲೇ ಇರುವವು. ಅವುಗಳನ್ನು ಸವೆಯಿಸದಿದ್ದರೆ ಬಾಯಿ ಮುಚ್ಚಲಾಗದೆ ಪ್ರಾಣಿಯು ಸಾಯುವದು. ಆದುದರಿಂದ ಅದು ಹಸಿವಿಲ್ಲದಾಗಲೂ ಏನನ್ನಾದರೂ ಕಡಿಯುತ್ತಿರಬೇಕು. ತೋಟದ ಹನಿ ನೀರಾವರಿಯ ಕೊಳವೆಗಳನ್ನು ಬೇಸಗೆಯಲ್ಲಿ ತೂತು ಮಾಡುವದಕ್ಕೆ ನೀರಡಿಕೆಯ ಜೊತೆಗೆ ಇದೂ ಒಂದು ಕಾರಣ. ಗಿಳಿಯ ಗುರುತು ಕೊಯ್ತವಾದರೆ, ಅಳಿಲಿನ ಗುರುತು ಕೆರೆತವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಕ್ಕೆ ಹೋಗತಕ್ಕದ್ದು.

ಎರಡನೆಯ ಭೇದವು ಸಂಚಾರದಲ್ಲಿ. ಅಳಿಲು ತನ್ನ ಗೂಡಿರುವ ಮರ, ಕಲ್ಲುರಾಶಿ, ಮಾಳಿಗೆಯ ಸಂದು ಇವುಗಳಿಂದ ದೂರ ಹೋಗುವ ಪ್ರಾಣಿಯಲ್ಲ. ಬಯಲಿನಲ್ಲಿ ಹದ್ದು, ಬೆಕ್ಕು, ಮುಂಗುಸಿ, ಹಾವುಗಳ ಭಯವು ಅದಕ್ಕೆ ಸದಾ ಇರುವದು. ಗಿಳಿಯು ರಾತ್ರಿ ನೂರಾರು ಸಂಖ್ಯೆಯಲ್ಲಿ ದೊಡ್ಡ ಮರಗಳ ಮೇಲೆ ಒಟ್ಟಿಗೆ ತಂಗಿ, ಬೆಳಗಾಗುತ್ತಲೇ ಗುಂಪು ಗುಂಪಾಗಿ ಅನೇಕ ಮೈಲು ದೂರದ ಹೊಲಗಳಿಗೆ ಹಾರಿ, ಸಂಜೆ ಪುನಃ ಅದೇ ಮರಗಳಿಗೆ ಮರಳುವದು. ಒಂದು ಊರಿನ ಗಿಳಿಯ ಹಾನಿಗೆ ಆ ಊರಿನ ಮರಗಳೇ ಕಾರಣವೆಂದು ತಿಳಿಯಬಾರದು. ವಾಡಿಯಂತಹ ಜಂಕ್ಷನ್ನಿನಲ್ಲಿಯಾಗಲಿ, ಅಡತಿ ಅಂಗಡಿಗಳ ಅಂಗಳದಲ್ಲಿಯಾಗಲಿ ಧಾನ್ಯದ ಚೀಲಗಳನ್ನು ಏರಿಸಿ ಇಳಿಸುವಾಗ ಚೆಲ್ಲಿದ ಕಾಳನ್ನು ಗುಡಿಸದೆ ಬಿಟ್ಟರೆ ಪೈರಿಲ್ಲದ ತಿಂಗಳುಗಳಲ್ಲಿಯೂ ಅವುಗಳಿಗೆ ಅನ್ನಸತ್ರವಿಟ್ಟಂತಾಗುವದು.

ಸಂತಾನದ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಗಿಳಿಯು ಚಳಿಗಾಲದ ಕೊನೆಯಿಂದ ಬೇಸಗೆಯ ಒಳಗೆ ಮರದ ಪೊಟರೆಯಲ್ಲಿಯೋ, ಮಳಖೇಡದ ಕೋಟೆಯಂತಹ ಹಳೆಯ ಕಲ್ಲುಗೋಡೆಗಳ ಬಿಲದಲ್ಲಿಯೋ 3ರಿಂದ 6 ತತ್ತಿಗಳನ್ನಿಡುವದು. ಸುಮಾರು ಮೂರು ವಾರಗಳ ಕಾವಿನ ನಂತರ ಒಡೆದ ಮರಿಗಳು ಮತ್ತೆ ಆರೇಳು ವಾರಗಳಲ್ಲಿ ಹಾರುವವು. ಅಳಿಲು ನಾರು, ಹತ್ತಿ, ಹುಲ್ಲುಗಳಿಂದ ಗೂಡು ಕಟ್ಟಿ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮೂರು ಮರಿಗಳನ್ನು ಹಾಕುವದು. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಈಯುವದುಂಟು. ನಮ್ಮ ಶಹಾಬಾದ ಸೀಮೆಯಲ್ಲಿ ಫರಸಿ ಕಲ್ಲಿನ ಒಡಕು ರಾಶಿಗಳು ಹೊಲದ ಅಂಚಿಗೇ ಬಿದ್ದಿರುವದರಿಂದ ಅಳಿಲಿಗೆ ಮನೆಯ ಕೊರತೆಯಿಲ್ಲ.

ಈಗ ಪೈರುಗಳ ಮೇಲಿನ ಗುರುತುಗಳಿಗೆ ಬರೋಣ. ಇದನ್ನು ನಿಧಾನವಾಗಿ ಓದಬೇಕೆಂದು ವಿನಂತಿ.

ಸೂರ್ಯಕಾಂತಿಯಲ್ಲಿ ಗಿಳಿಯು ತೆನೆಯ ನೆತ್ತಿಯ ಮೇಲೆಯೇ ಕುಳಿತು ಬಾಗಿ ಕಾಳನ್ನು ಕೀಳುವದು. ಕಾಳನ್ನು ಅಲ್ಲಿಯೇ ಸೀಳುವದರಿಂದ ಸೀಳಿದ ಸಿಪ್ಪೆಯು ಅದೇ ಗಿಡದ ಎಲೆಗಳ ಮೇಲೂ ಬುಡದಲ್ಲಿಯೂ ಚೆಲ್ಲಿರುವದು. ಎಲೆಗಳ ಮೇಲೆ ಬಿಳಿಯ ಹಿಕ್ಕೆಯೂ, ಒಮ್ಮೊಮ್ಮೆ ಹಸುರು ಗರಿಯೂ ಸಿಗುವದು. ತಿಂದುದಕ್ಕಿಂತ ಕೆಡವಿದುದೇ ಹೆಚ್ಚಾಗಿರುವದರಿಂದ ಸಿಪ್ಪೆಗಳ ನಡುವೆ ಇಡೀ ಕಾಳುಗಳೂ ಬಿದ್ದಿರುವವು. ಅಳಿಲು ಕಾಂಡವನ್ನೇರಿ ಬಂದು ಕಾಳನ್ನು ಕಿತ್ತು, ಬಯಲಿನಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಹತ್ತಿರದ ಕಲ್ಲಿನ ಮೇಲೆಯೋ ಮರದ ಬುಡದಲ್ಲಿಯೋ ಕುಳಿತು ತಿನ್ನುವದು. ಆದುದರಿಂದ ಅದರ ಸಿಪ್ಪೆಯು ಒಂದೇ ಕಡೆಗೆ ಗುಡ್ಡೆಯಾಗಿರುವದು ಮತ್ತು ಸಿಪ್ಪೆಯ ಅಂಚು ಹಲ್ಲಿನಿಂದ ತರಿದಂತೆ ಒರಟಾಗಿರುವದು. ಹಾನಿಯು ಬದುವಿನ ಮರದಿಂದ ಹೊಲದ ಒಳಕ್ಕೆ ಹೋದಂತೆ ಬೇಗನೆ ಕಡಿಮೆಯಾಗಿ ನಿಂತುಹೋದರೆ ಅಳಿಲನ್ನು ಸಂಶಯಪಡಬಹುದು. ಹೊಲದ ನಡುಮಧ್ಯದಲ್ಲಿ ಉಳಿದವುಗಳಿಗಿಂತ ಎತ್ತರವಾಗಿ ನಿಂತ ತೆನೆಗಳು ಬರಿದಾಗಿದ್ದರೆ ಅದು ಗಿಳಿಯ ಕೆಲಸ.

ಜೋಳದಲ್ಲಿ ಹಾಲುಗಾಳಿನ ಕಾಲವೇ ಅಪಾಯದ್ದು. ಗಿಳಿಯು ತೆನೆಯ ತುದಿಯಿಂದ ಆರಂಭಿಸಿ ಕವಲುಗಳನ್ನು ಮುರಿದು ಕಾಲಿನಲ್ಲಿ ಹಿಡಿದು ತಿನ್ನುವದರಿಂದ ಮುರಿದ ಕವಲುಗಳು ನೆಲದ ಮೇಲೆ ಬಿದ್ದಿರುವವು. ಗುಬ್ಬಿಗಳಾದರೋ ಕಾಳನ್ನು ಮಾತ್ರ ಹಿಂಡಿ ತಿಂದು ಕವಲನ್ನು ತೆನೆಯಲ್ಲಿಯೇ ಬಿಡುವವು; ಈ ಭೇದವನ್ನೂ ನೆನಪಿನಲ್ಲಿಡಬೇಕು. ಹಿಂಗಾರಿ ಜೋಳದ ನಡುಹೊಲದಲ್ಲಿ ಅಳಿಲು ದೊಡ್ಡ ಶತ್ರುವೇನೂ ಅಲ್ಲ. ಕಣದಲ್ಲಿಯೂ ಬಣವಿಯಲ್ಲಿಯೂ ಅದು ತನ್ನ ಪಾಲನ್ನು ತೆಗೆದುಕೊಳ್ಳುವದು. ಆದರೆ ಅಲ್ಲಿ ಅದಕ್ಕಿಂತ ನೂರು ಪಾಲು ಹೆಚ್ಚಿನ ಕಳ್ಳನು ಇಲಿಯು.

ನಮ್ಮ ಜಿಲ್ಲೆಯ ಜೀವಾಳವಾದ ತೊಗರಿಯ ವಿಷಯದಲ್ಲಿ ತಪ್ಪುಗ್ರಹಿಕೆಯು ಎಲ್ಲಕ್ಕಿಂತ ಹೆಚ್ಚಾಗಿದೆ. ಹಸಿಯ ಕಾಯಿಯಲ್ಲಿ ದುಂಡಗಿನ ಒಂದೇ ತೂತು ಇದ್ದು, ಒಳಗಿನ ಕಾಳು ಮಾಯವಾಗಿ, ಕಾಯಿಯು ಗಿಡದಲ್ಲಿಯೇ ಉಳಿದಿದ್ದರೆ ಅದು ಗಿಳಿಯದೂ ಅಲ್ಲ, ಅಳಿಲಿನದೂ ಅಲ್ಲ, ಕಾಯಿಕೊರಕ ಕೀಡೆಯದು. ಗಿಳಿಯು ಕಾಯಿಯನ್ನು ಮಗ್ಗುಲಿಗೆ ಸೀಳಿ ಕಾಳನ್ನು ತೆಗೆಯುವದು, ಇಲ್ಲವೆ ಕಾಯಿಯನ್ನೇ ಕಿತ್ತು ಕೆಡಹುವದು. ಅಳಿಲು ಬದುವಿನ ಸಾಲಿನ ಕಾಯಿಗಳನ್ನು ಅಂಚಿನಿಂದ ಕಡಿದು ತೆರೆಯುವದು. ಕೀಡೆಯ ಹಾನಿಯನ್ನು ಹಕ್ಕಿಯದೆಂದು ತಿಳಿದು ಹಕ್ಕಿಗಳನ್ನೆಲ್ಲ ಓಡಿಸುವವನು ಕೀಡೆಯನ್ನು ತಿನ್ನುವ ಕರಿಬಾಲದ ಕಾಜಾಣ, ಗೊರವಂಕಗಳನ್ನೂ ಓಡಿಸಿದವನಾಗುವನು. ತೊಗರಿ, ಕಡಲೆಗಳಲ್ಲಿ ಇಂತಹ ಹಕ್ಕಿಗಳು ಕೂಡ್ರುವದಕ್ಕಾಗಿ ಕವಲುಕೋಲುಗಳನ್ನು ನೆಡಬೇಕೆಂದು ಇಲಾಖೆಯೇ ಹೇಳುತ್ತ ಬಂದಿದೆ. ಅದು ಸರಿಯಾದ ಉಪದೇಶ. ಆದರೆ ಸೂರ್ಯಕಾಂತಿ, ಜೋಳಗಳ ಹೊಲದಲ್ಲಿ ಕಾಳು ಕಟ್ಟುವ ಹೊತ್ತಿಗೆ ಆ ಕೋಲುಗಳನ್ನು ಕಿತ್ತಿಡತಕ್ಕದ್ದು. ಇಲ್ಲವಾದರೆ ಕೀಡೆ ತಿನ್ನುವ ಹಕ್ಕಿಗೆ ಹಾಕಿದ ಮಣೆಯ ಮೇಲೆ ಗಿಳಿಯು ಬಂದು ಕುಳಿತೀತು.

ಪೇರಲ ಮತ್ತು ದಾಳಿಂಬೆಯ ತೋಟಗಳಲ್ಲಿ ಗುರುತು ಬಹಳ ಸ್ಪಷ್ಟ. ಗಿಳಿಯು ಹಣ್ಣಿನ ತಿರುಳಿಗಿಂತ ಬೀಜಕ್ಕೆ ಆಸೆಪಟ್ಟು, ಮುಕ್ಕೋನದ ಆಳವಾದ ಕಚ್ಚುಗಳನ್ನು ಮಾಡಿ, ಒಂದರಲ್ಲಿ ನಾಲ್ಕು ಬಾಯಿ ಹಾಕಿ ಬಿಟ್ಟು ಮತ್ತೊಂದಕ್ಕೆ ಹೋಗುವದು. ಹತ್ತು ಹಣ್ಣು ಕೆಡಿಸಿ ಒಂದರಷ್ಟು ತಿನ್ನುವ ಸ್ವಭಾವ ಅದರದು. ಅಳಿಲು ಒಂದೇ ಹಣ್ಣಿಗೆ ಒಂದು ದುಂಡು ತೂತು ಮಾಡಿ, ಅದರ ಮೂಲಕ ಒಳಗನ್ನು ಟೊಳ್ಳು ಮಾಡುವದು; ತೂತಿನ ಅಂಚಿನಲ್ಲಿ ಎರಡೆರಡು ಹಲ್ಲುಗಳ ಜೋಡಿಗೆರೆಗಳು ಕಾಣುವವು. ಇದನ್ನು ಕಾಣಲು ಬರಿಗಣ್ಣು ಸಾಕಾಗುವದು, ಭೂತಗನ್ನಡಿಯ ಅವಶ್ಯಕತೆಯಿಲ್ಲ.

ಇನ್ನು ನನ್ನ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ಸೇಡಂ ತಾಲೂಕಿನ ಕಾಗಿಣಾ ನದಿಯ ದಂಡೆಗೆ ಹೊಂದಿದ ಒಂದು ಊರಿನಲ್ಲಿ, ಬೇಸಗೆಯ ನೀರಾವರಿಯ ಮೇಲೆ ಎರಡು ಎಕರೆ ಸೂರ್ಯಕಾಂತಿ ಬೆಳೆದ ಒಬ್ಬ ಭೂಮಾಲೀಕರು ನನ್ನನ್ನು ಕರೆಯಿಸಿದರು. ನಾನು ಹೋದದ್ದು ಹನ್ನೊಂದು ಗಂಟೆಯ ಬಿಸಿಲಿನಲ್ಲಿ. ಬದುವಿನ ಮೇಲೆ ಸಾಲಾಗಿ ನಾಲ್ಕು ಬೇವಿನ ಮರಗಳು. ಪ್ರತಿ ಮರದ ಬುಡದಲ್ಲಿ ಸಿಪ್ಪೆಯ ಗುಡ್ಡೆ. ಅಳಿಲುಗಳೂ ಕಣ್ಣೆದುರಿಗೇ ಓಡಾಡುತ್ತಿದ್ದವು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಏತಕ್ಕೆಂದು ನಾನು ಅಳಿಲಿನ ಹಾನಿಯೆಂದು ನಿರ್ಣಯಿಸಿ, ಮರಗಳ ಕಾಂಡಕ್ಕೆ ತಗಡಿನ ಪಟ್ಟಿ ಸುತ್ತಲು ಹೇಳಿ ಬಂದೆನು. ಅವರು ಖರ್ಚು ಮಾಡಿ ಸುತ್ತಿಸಿದರು. ಹಾನಿಯು ಒಂದಿಷ್ಟೂ ನಿಲ್ಲಲಿಲ್ಲ. ಅಷ್ಟರಲ್ಲಿ ನೆರೆಯ ಹೊಲದವರು, "ಕೃಷಿ ಇಲಾಖೆಯವರೇ ಅಳಿಲು ಎಂದು ಹೇಳಿದ್ದಾರೆ" ಎಂಬ ಮಾತನ್ನು ಹಿಡಿದುಕೊಂಡು, ಜೋಳದ ನುಚ್ಚಿಗೆ ಇಲಿಪಾಷಾಣವನ್ನು ಬೆರೆಯಿಸಿ ಬದುವಿನುದ್ದಕ್ಕೂ ಚೆಲ್ಲಿದರು. ಸತ್ತ ಅಳಿಲುಗಳನ್ನು ಎಣಿಸಿದವರಿಲ್ಲ. ಆದರೆ ಒಂದು ಹೆಣ್ಣು ನವಿಲೂ, ಮೇಯಲು ಬಂದ ಕುರುಬರ ಎರಡು ಆಡುಗಳೂ ಸತ್ತವು. ಊರಿನಲ್ಲಿ ಜಗಳವೆದ್ದಿತು. ಆಡಿನ ಬೆಲೆಯನ್ನು ಯಾರು ಕೊಡಬೇಕೆಂಬುದನ್ನು ಆ ಊರಿನ ಹಿರಿಯ ಗೌಡರು ಎರಡು ದಿನ ಕೂಡ್ರಿಸಿ ಬಗೆಹರಿಸಬೇಕಾಯಿತು. ಬಡವನಾದ ಆ ಕುರಿಗಾರನ ಮುಖವು ಇಂದಿಗೂ ನನ್ನ ಕಣ್ಣ ಮುಂದಿದೆ.

ಆ ಮೇಲೆ ನಾನು ಅದೇ ಹೊಲದ ಗುಡಿಸಲಿನಲ್ಲಿ ಒಂದು ರಾತ್ರಿ ಉಳಿದೆನು. ಮೂಡಲು ಕೆಂಪಾಗುತ್ತಲೇ ನದಿಯ ಆಚೆಯಿಂದ ಗಿಳಿಗಳ ಹಿಂಡು ಕಿರಿಚುತ್ತ ಬಂದು ಹೊಲದಲ್ಲಿ ಇಳಿಯಿತು. ಸೂರ್ಯನು ಮಾರುದ್ದ ಏರುವಷ್ಟರಲ್ಲಿ ಹೊರಟೂ ಹೋಯಿತು. ಗಿಳಿಗಳು ಹೋದ ಬಳಿಕ ಅಳಿಲುಗಳು ಮರದಿಂದಿಳಿದು ನೆಲಕ್ಕೆ ಬಿದ್ದಿದ್ದ ಇಡೀ ಕಾಳುಗಳನ್ನು ಆರಿಸಿ ತಂದು ಬೇವಿನ ಬುಡದಲ್ಲಿ ಕುಳಿತು ಸುಲಿದವು. ನಾನು ಮೊದಲು ಕಂಡ ಗುಡ್ಡೆಗಳು ಹೀಗೆ ಆದವುಗಳು. ಗಿಡಗಳ ನಡುವೆ ಹೊಕ್ಕು ಎಲೆಗಳ ಮೇಲಿನ ಸಿಪ್ಪೆಯನ್ನೂ ಹಿಕ್ಕೆಯನ್ನೂ ಅಂದೇ ನೋಡಿದ್ದರೆ ತಗಡಿನ ಹಣವೂ ಉಳಿಯುತ್ತಿತ್ತು, ಪಾಷಾಣದ ಮಾತೂ ಹುಟ್ಟುತ್ತಿರಲಿಲ್ಲ. ಹಾನಿಯನ್ನು ಪರೀಕ್ಷಿಸುವವರು ಬೆಳಗಿನ ಆರು ಗಂಟೆಗೂ ಸಂಜೆಯ ಐದು ಗಂಟೆಗೂ ಹೊಲದಲ್ಲಿರಬೇಕೆಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ವಿಷವಿಡುವದರ ವಿಷಯದಲ್ಲಿ ಕಾಯ್ದೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುವದು ಒಳಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿಷವಿಟ್ಟು ಕೊಲ್ಲುವದೂ ಬೇಟೆಯೆಂದೇ ಎಣಿಸಲ್ಪಡುವದು. ನವಿಲು ಆ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ. ಗಿಳಿಯೂ ಸಂರಕ್ಷಿತ ಪಕ್ಷಿ. ಅದನ್ನು ಹಿಡಿಯುವದು, ಮಾರುವದು, ಪಂಜರದಲ್ಲಿ ಸಾಕುವದು ಇವೆಲ್ಲವೂ ಅಪರಾಧಗಳು. ಪೊಟರೆಯಿಂದ ಮರಿ ತೆಗೆದು ಜಾತ್ರೆಯಲ್ಲಿ ಮಾರುವವರು ಊರಿಗೆ ಬಂದರೆ ಗೌಡರಾದವರು ತಡೆಯಬೇಕು. "ಮರಿಗಳು ಹೋದರೆ ನಮ್ಮ ಪೈರು ಉಳಿಯಿತು" ಎಂದು ಕೆಲವರು ನಗುವದನ್ನು ಕೇಳಿದ್ದೇನೆ. ಮೈಲುಗಟ್ಟಲೆ ದೂರದಿಂದ ಹಾರಿ ಬರುವ ಹಿಂಡು ನಾಲ್ಕು ಮರಿಗಳಿಂದ ಕಡಿಮೆಯಾಗದು. ಅಳಿಲಿಗೆ ಬೋನು ಇಡುವ ಮೊದಲು ಸಹ ಅರಣ್ಯ ಇಲಾಖೆಯ ವಲಯಾಧಿಕಾರಿಗಳನ್ನು ವಿಚಾರಿಸತಕ್ಕದ್ದು. ಚಿಂಚೋಳಿಯಲ್ಲಿ 2011ರಲ್ಲಿ ವನ್ಯಜೀವಿಧಾಮವು ಘೋಷಿತವಾಗಿರುವದರಿಂದ ಅದರ ಅಂಚಿನ ಗ್ರಾಮಗಳವರು ಪಟಾಕಿ ಹಾರಿಸುವ ಮುನ್ನವೂ ಹೀಗೆ ಕೇಳುವದು ಯುಕ್ತ.

ಹಾಗಾದರೆ ಮಾಡತಕ್ಕದ್ದೇನು? ಗಿಳಿಯ ವಿಷಯದಲ್ಲಿ ಒಬ್ಬೊಬ್ಬರ ಉಪಾಯಕ್ಕಿಂತ ಊರಿನ ಒಕ್ಕಟ್ಟೇ ಹೆಚ್ಚು ಫಲ ಕೊಡುವದು. ಉದಾಹರಣೆಗಾಗಿ ಒಂದು ಲೆಕ್ಕವನ್ನು ನೋಡಿರಿ. ಒಂದು ಹಿಂಡು ಸುಗ್ಗಿಯವರೆಗೆ 50 ಕಿಲೋ ಕಾಳನ್ನು ಹಾಳುಮಾಡುವದೆಂದು ಇಟ್ಟುಕೊಳ್ಳೋಣ. ಎಕರೆಗೆ 5 ಕ್ವಿಂಟಲ್ ಬೆಳೆಯುವ ಒಂದೇ ಎಕರೆ ಸೂರ್ಯಕಾಂತಿಯು ಆ ಊರಲ್ಲಿದ್ದರೆ ಅದರ ಹತ್ತನೆಯ ಒಂದು ಪಾಲು ಹೋಯಿತು. ಹತ್ತು ಎಕರೆಗಳು ಒಂದೇ ಕಾಲಕ್ಕೆ ಕಾಳು ಕಟ್ಟಿದ್ದರೆ ಅದೇ 50 ಕಿಲೋ ನೂರನೆಯ ಒಂದು ಪಾಲಾಗುವದು. ಎಲ್ಲರಿಗಿಂತ ಹದಿನೈದು ದಿನ ಮುಂಚೆ ಬಿತ್ತಿದವನೂ, ಎಲ್ಲರಿಗಿಂತ ಹಿಂದೆ ಬಿತ್ತಿದವನೂ ಊರ ಗಿಳಿಗಳನ್ನೆಲ್ಲ ತಾನೊಬ್ಬನೇ ಸಾಕುವನು. ಒಂದು ಮಗ್ಗುಲಿನ ಹೊಲಗಳವರೆಲ್ಲ ಒಂದೇ ತಳಿಯನ್ನು ಒಂದೇ ವಾರದೊಳಗೆ ಬಿತ್ತುವಂತೆ ಗೊತ್ತುಪಡಿಸುವದು ಇಲಾಖೆಯವರಿಂದ ಆಗದ ಕೆಲಸ. ಊರಿನಲ್ಲಿ ಮಾತು ನಡೆಯುವವರಿಂದಲೇ ಆಗಬೇಕು. ಕಾವಲಿನ ಆಳನ್ನೂ ಹಾಗೆಯೇ ಪಾಲಿನ ಮೇಲೆ ಇಡಬಹುದು. ಮಂಚಿಕೆಯ ಮೇಲೆ ಕವಣೆ ಹಿಡಿದು ನಿಲ್ಲುವವನು ದಿನವೆಲ್ಲ ನಿಲ್ಲಬೇಕಾಗಿಲ್ಲ; ಬೆಳಗಿನ ಎರಡು ಮೂರು ತಾಸು, ಸಂಜೆಯ ಎರಡು ತಾಸು ಎಚ್ಚರದಿಂದಿದ್ದರೆ ಹೆಚ್ಚಿನ ಹಾನಿಯು ತಪ್ಪುವದು. ಹಿಂಡಿನ ಮೊದಲ ನಾಲ್ಕು ಹಕ್ಕಿಗಳನ್ನು ಇಳಿಯಗೊಡದಿದ್ದರೆ ಉಳಿದವೂ ಇಳಿಯಲು ಅಳುಕುವವು.

ಕೆಂಪು ಮತ್ತು ಬೆಳ್ಳಿಯ ಬಣ್ಣದ ಹೊಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಎರಡು ಮೂರು ಸುತ್ತು ತಿರುಚಿ, ಪೈರಿನ ನೆತ್ತಿಗಿಂತ ಒಂದು ಮೊಳದಷ್ಟು ಮೇಲೆ, ದಕ್ಷಿಣೋತ್ತರವಾಗಿ ಬಿಗಿದರೆ ಗಾಳಿಗೆ ಹೊಳೆದು ಗುಂಯ್ಗುಡುವದರಿಂದ ಹಕ್ಕಿಗಳು ಬೆದರುವವು. ಕಾಳು ಕಟ್ಟಿದ ಮೇಲೆಯೇ ಇದನ್ನು ಕಟ್ಟಬೇಕು. ಬಿತ್ತಿದಂದಿನಿಂದ ಕಟ್ಟಿದರೆ ಹಕ್ಕಿಗಳಿಗೆ ಅದು ರೂಢಿಯಾಗಿ ಪ್ರಯೋಜನವಿಲ್ಲದಾಗುವದು. ಬೆದರುಬೊಂಬೆಯ ಗತಿಯೂ ಇದೇ. ನಾಲ್ಕು ದಿನಕ್ಕೊಮ್ಮೆ ಸ್ಥಳವನ್ನೂ ಅಂಗಿಯನ್ನೂ ಬದಲಿಸದಿದ್ದರೆ ಅದರ ತಲೆಯ ಮೇಲೆಯೇ ಗಿಳಿಯು ಕೂಡ್ರುವದು. ಸೂರ್ಯಕಾಂತಿಯಲ್ಲಿ ತೆನೆಯು ನೆಲದ ಕಡೆಗೆ ಚೆನ್ನಾಗಿ ಬಾಗುವ ತಳಿಗಳಿಗೆ ಹಾನಿ ಕಡಿಮೆ, ಏಕೆಂದರೆ ಗಿಳಿಗೆ ಕುಳಿತಲ್ಲಿಂದ ಕಾಳು ಎಟುಕುವದಿಲ್ಲ. ಹಣ್ಣಿನ ತೋಟ ಸಣ್ಣದಾಗಿದ್ದರೆ ಬಲೆ, ಇಲ್ಲವೆ ಹಣ್ಣಿಗೊಂದು ಕಾಗದದ ಚೀಲ. ದುಬಾರಿಯೆನಿಸಿದರೂ ಪೇಟೆಯಲ್ಲಿ ಕಲೆಯಿಲ್ಲದ ಹಣ್ಣಿಗೆ ಬರುವ ದರದಿಂದ ಆ ಖರ್ಚು ಹೆಚ್ಚಾಗಿ ಹುಟ್ಟುವದು.

ಅಳಿಲಿಗೆ ಉಪಾಯಗಳು ಬೇರೆ, ಮತ್ತು ಇವು ಒಬ್ಬೊಬ್ಬರೇ ಮಾಡಿಕೊಳ್ಳತಕ್ಕವು. ತೆಂಗು ಮುಂತಾದ ಒಂಟಿ ಮರಗಳ ಕಾಂಡಕ್ಕೆ ಆಳೆತ್ತರದಲ್ಲಿ ಒಂದೂವರೆ ಅಡಿ ಅಗಲದ ನುಣುಪಾದ ತಗಡನ್ನು ಸುತ್ತಬೇಕು. ನೆರೆಮರದ ಕೊಂಬೆ ತಾಗುತ್ತಿದ್ದರೆ ಅದನ್ನು ಸವರದೆ ತಗಡು ಸುತ್ತುವದು ವ್ಯರ್ಥ. ಹೊಲದ ಅಂಚಿನ ಫರಸಿ ಕಲ್ಲಿನ ರಾಶಿಯನ್ನು ತೆಗೆಯಿಸಿ ಬದುವಿಗೆ ಒತ್ತಾಗಿ ಕಟ್ಟಿಸಿದರೆ ಗೂಡಿನ ಆಶ್ರಯವೂ ತಪ್ಪುವದು, ಮಣ್ಣು ಕೊಚ್ಚಿ ಹೋಗುವದೂ ನಿಲ್ಲುವದು. ಹನಿ ನೀರಾವರಿಯವರು ಫಾಲ್ಗುಣದಿಂದ ಮಳೆ ಹಿಡಿಯುವವರೆಗೆ ತೋಟದ ನಾಲ್ಕು ಮೂಲೆಗಳಲ್ಲಿ ಮಣ್ಣಿನ ಪರಟಿಗಳಲ್ಲಿ ನೀರಿಡಲಿ. ಕೊಳವೆಯನ್ನು ಕಡಿಯುವ ಹಾವಳಿಯು ಇದರಿಂದ ಬಹಳ ಮಟ್ಟಿಗೆ ಇಳಿದುದನ್ನು ನಾನೇ ಚಿತ್ತಾಪುರದ ಕಡೆಯ ಎರಡು ತೋಟಗಳಲ್ಲಿ ಕಂಡಿದ್ದೇನೆ. ಅಳಿಲು ಹುಳುಗಳನ್ನೂ ತಿನ್ನುವದೆಂಬುದನ್ನು ಅದರ ಪರವಾಗಿ ಹೇಳಬೇಕು. ಹಕ್ಕಿಗಳ ತತ್ತಿಯನ್ನು ಕದಿಯುವದೆಂಬುದನ್ನು ವಿರುದ್ಧವಾಗಿಯೂ ಹೇಳಬೇಕು.

ಕೆಲವರು ಈ ಎರಡರ ಪೀಡೆಗೂ ಬದುವಿನ ಹಳೆಯ ಪೊಟರೆ ಮರಗಳನ್ನು ಕಡಿಸುವದೇ ಮದ್ದೆಂದು ಭಾವಿಸಿರುವರು. ಇದನ್ನು ನಾನು ಒಪ್ಪಲಾರೆ. ಅದೇ ಪೊಟರೆಗಳಲ್ಲಿ ಗೂಗೆಯೂ ಹಾಲಕ್ಕಿಯೂ ಇರುವವು. ಗೂಗೆಯು ಅಪಶಕುನವೆಂಬ ನಂಬಿಕೆಯು ನಮ್ಮ ಕಡೆ ಬಲವಾಗಿದೆ. ಆದರೆ ಅದರ ಮುಖ್ಯ ಆಹಾರವು ಇಲಿ. ಗಿಳಿ ಮತ್ತು ಅಳಿಲುಗಳೆರಡೂ ಸೇರಿ ತಿನ್ನುವದಕ್ಕಿಂತ ಹೆಚ್ಚನ್ನು ಇಲಿಯು ಹೊಲದಲ್ಲಿಯೂ ಹಗೇವಿನಲ್ಲಿಯೂ ತಿನ್ನುವಾಗ ಅದರ ವೈರಿಯ ಮನೆಯನ್ನು ಕೆಡಹುವದು ಯಾವ ಲೆಕ್ಕದ ಜಾಣತನ?

ಪ್ರಸಂಗವಶಾತ್ ಒಂದು ವಿಚಿತ್ರವನ್ನು ಹೇಳಬೇಕೆನಿಸುತ್ತದೆ. ಇದೇ ನಮ್ಮ ಕಂಠಿಯ ಗಿಳಿಯು ಪಂಜರದಿಂದ ಪಾರಾಗಿ ಇಂಗ್ಲೆಂಡಿನಲ್ಲಿ ನೆಲೆಸಿ, ಲಂಡನ್ನಿನ ಉದ್ಯಾನಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹಾರಾಡುತ್ತಿದೆ. ಅಲ್ಲಿ ಅಮೇರಿಕದಿಂದ 1876ರ ಸುಮಾರಿನಲ್ಲಿ ತಂದು ಬಿಟ್ಟ ಬೂದುಬಣ್ಣದ ಅಳಿಲು ಆ ದೇಶದ ಮೂಲದ ಕೆಂಪು ಅಳಿಲನ್ನು ಬಹುಭಾಗದಿಂದ ಹೊರದೂಡಿದೆ. ಅಲ್ಲಿ ಇವೆರಡೂ ಹೊರಗಿನಿಂದ ಬಂದವುಗಳಾದ್ದರಿಂದ ಅವುಗಳನ್ನು ಹತೋಟಿಯಲ್ಲಿಡುವ ಚರ್ಚೆಯೇ ಬೇರೆ ತೆರನಾದುದು. ಇಲ್ಲಿ ಎರಡೂ ಈ ನೆಲದವುಗಳೇ. ಇಲ್ಲಿಯ ಗಿಡುಗ, ಹಾವು, ಮುಂಗುಸಿಗಳು ಅವುಗಳ ಲೆಕ್ಕವನ್ನು ಬಹುಕಾಲದಿಂದ ನೋಡಿಕೊಳ್ಳುತ್ತ ಬಂದಿವೆ. ಪಕ್ಷಿತಜ್ಞರಾದ ಸಲೀಂ ಅಲಿಯವರು 1930ರ ದಶಕದ ಆರಂಭದಲ್ಲಿ, ನಮ್ಮ ಸೀಮೆಯು ಹೈದರಾಬಾದ ಸಂಸ್ಥಾನದಲ್ಲಿದ್ದಾಗ, ಆ ಸಂಸ್ಥಾನದ ಪಕ್ಷಿಗಳ ಪರಿಶೀಲನೆಯನ್ನು ಮಾಡಿದ್ದರು.

ಕೊನೆಯದಾಗಿ ಹಾನಿಯನ್ನು ಅಳೆಯುವ ಕ್ರಮ. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗುವದು ನಮ್ಮಲ್ಲಿ ತಪ್ಪದ ರೂಢಿ. ಆ ಹೊತ್ತಿಗೆ ತೊಗರಿಯು ಬಲಿತಿರುವದು, ಮುಂಚೆ ಬಿತ್ತಿದ ಜೋಳವು ತೆನೆ ಹಾಕಿರುವದು. ಊಟವಾದ ಬಳಿಕ ಒಂದು ತಾಸನ್ನು ಈ ಕೆಲಸಕ್ಕೆ ಕೊಡಿರಿ. ಹೊಲವನ್ನು ಮೂಲೆಯಿಂದ ಮೂಲೆಗೆ ದಾಟುತ್ತ, ನಾಲ್ಕು ಮೂಲೆಗಳ ಹತ್ತಿರವೂ ನಡುವೆಯೂ ಹೀಗೆ ಐದು ಕಡೆಗಳಲ್ಲಿ 20ರಂತೆ ಒಟ್ಟು 100 ತೆನೆಗಳನ್ನು ನೋಡಬೇಕು. ಚೆನ್ನಾಗಿರುವ ತೆನೆಗಳನ್ನು ಆರಿಸಿ ನೋಡಬಾರದು. ಕೈಗೆ ಮೊದಲು ಸಿಕ್ಕವುಗಳನ್ನೇ ನೋಡಬೇಕು. ಪ್ರತಿ ತೆನೆಯಲ್ಲಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ, ಇವುಗಳಲ್ಲಿ ಎಷ್ಟು ಹೋಗಿದೆ ಎಂದು ಬರೆದು ಕೂಡಿಸಿದರೆ ಬಂದ ಮೊತ್ತವೇ ನೂರಕ್ಕೆ ಇಷ್ಟೆಂಬ ಹಾನಿಯು. ತೊಗರಿಯಲ್ಲಿ ತೆನೆಯ ಬದಲು ಕಡೆಗೆ 20 ಕಾಯಿಗಳನ್ನು ಬೇರೆ ಬೇರೆ ಗಿಡಗಳಿಂದ ಎಣಿಸಿ, ತೂತಿನವು ಎಷ್ಟು, ಸೀಳಿದವು ಎಷ್ಟು, ಕಡಿದವು ಎಷ್ಟು ಎಂದು ಬೇರೆ ಬೇರೆ ಬರೆಯಬೇಕು. ಐದು ಕಡೆಗಳ ಲೆಕ್ಕವನ್ನು ಕೂಡಿಸಿ ಅಳಿಸಿಹಾಕಬಾರದು, ಬೇರೆ ಬೇರೆಯಾಗಿಯೇ ಇಡಬೇಕು. ಮರದ ಬದಿಯ ಮೂಲೆಗೂ ನಡುಹೊಲಕ್ಕೂ ಇರುವ ಅಂತರವೇ ಕಳ್ಳನ ಹೆಸರನ್ನು ಹೇಳುವದು.

ಹೀಗೆ ಬರೆದ ಚೀಟಿಯೊಂದಿಗೆ ಹಾನಿಗೊಂಡ ನಾಲ್ಕೈದು ತೆನೆ ಅಥವಾ ಕಾಯಿಗಳನ್ನು, ಬುಡದಲ್ಲಿ ಸಿಕ್ಕ ಸಿಪ್ಪೆಯ ಸಮೇತ, ಕಾಗದದ ಚೀಲದಲ್ಲಿ ಹಾಕಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಂದುಕೊಡಬಹುದು. ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಬೂಷ್ಟು ಹಿಡಿದು ಹಲ್ಲಿನ ಗುರುತು ಅಳಿದುಹೋಗುವದು. ಚೀಲದ ಮೇಲೆ ಊರು, ಸರ್ವೆ ನಂಬರು, ಬೆಳೆಯ ಹೆಸರು, ಬಿತ್ತಿದ ದಿನ, ತೆನೆ ಕಿತ್ತ ದಿನ ಮತ್ತು ಹತ್ತಿರದ ಮರ ಎಷ್ಟು ಹೆಜ್ಜೆ ದೂರದಲ್ಲಿದೆ ಎಂಬಿಷ್ಟನ್ನು ಬರೆದಿರತಕ್ಕದ್ದು.